ಬಣ್ಣದ ಹಾಳೆಗಳು ಮತ್ತು ನಾನು ಎರಡು ಸಲ ಮಾಡಿದ ಪ್ರಯೋಗ

ಧಾರವಾಡದಲ್ಲಿ ಮನೋವಿಜ್ಞಾನದ ಎಂ.ಎ. ಓದುತ್ತಿದ್ದಾಗ ಪ್ರಯೋಗಕ್ಕೆಂದು ನಾನು ಆಯ್ದುಕೊಂಡದ್ದು ಅಮೆರಿಕದ ಮನೋವಿಜ್ಞಾನಿ ಜೆ. ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು. ಹಸಿರು ಬಣ್ಣದಲ್ಲಿ ಅಚ್ಚಾದ ‘ಕೆಂಪು’ ಎಂಬ ಪದವನ್ನು ತೋರಿಸಿ, ಪದವನ್ನು ಓದದೆ ಬಣ್ಣವನ್ನಷ್ಟೇ ಹೇಳಿರೆಂದರೆ ಯಾರಿಗಾದರೂ ನಾಲಿಗೆ ತಡವರಿಸುತ್ತದೆ. ಸ್ಟ್ರೂಪ್ ಪರೀಕ್ಷಿಸಿದ ಕಾಲೇಜು ವಿದ್ಯಾರ್ಥಿಗಳು ನೂರು ಬಣ್ಣದ ಚೌಕಗಳನ್ನು ಸರಾಸರಿ 63 ಸೆಕೆಂಡಿನಲ್ಲಿ ಹೆಸರಿಸಿದ್ದರು. ಇಂಥ ನೂರು ಪದಗಳಿಗೆ ಅವರಿಗೆ 110 ಸೆಕೆಂಡು ಹಿಡಿದಿತ್ತು. ಹಾಳೆಯ ಬಗೆ, ಅಂದರೆ ಚೌಕಗಳದ್ದೋ ಪದಗಳದ್ದೋ ಎಂಬುದು, ನಾವು ಬದಲಿಸುವ ‘ಸ್ವತಂತ್ರ ಚರ’; ತಗಲುವ ಸಮಯ ನಾವು ಅಳೆಯುವ ‘ಅವಲಂಬಿತ ಚರ’. ಇಷ್ಟು ತಿಳಿದ ಮೇಲೆ ಉಳಿದದ್ದು ಸುಲಭವೆಂದೇ ನಾನು ನಂಬಿದ್ದೆ.

ಮೊದಲ ತೊಡಕು ಬಣ್ಣಗಳದ್ದೇ. ಸ್ಟ್ರೂಪ್ ಬಳಸಿದ್ದ ಕಂದು ಬಣ್ಣವನ್ನು ನಾನೂ ಇಟ್ಟುಕೊಂಡಿದ್ದೆ. ಆದರೆ ಹಾಸ್ಟೆಲಿನ ಗೆಳೆಯರು ಆ ಚೌಕದ ಮುಂದೆ ನಿಂತು, ಒಬ್ಬ ‘ಕಾಫಿ ಕಲರ್’ ಎಂದರೆ ಇನ್ನೊಬ್ಬ ‘ಚಾಕ್ಲೇಟ್’ ಎನ್ನುತ್ತಿದ್ದ. ಹೆಸರು ಹುಡುಕುವ ಆ ಕ್ಷಣವೂ ನನ್ನ ಸ್ಟಾಪ್‌ವಾಚಿನಲ್ಲಿ ಸೇರಿಕೊಳ್ಳುತ್ತಿತ್ತು. ಕಡೆಗೆ ಕೆಂಪು, ಹಸಿರು, ನೀಲಿ, ಕಪ್ಪು ಈ ನಾಲ್ಕನ್ನೇ ಉಳಿಸಿಕೊಂಡೆ.

ದೊಡ್ಡ ತಪ್ಪು ಬೇರೆಯೇ ಇತ್ತು. ಹನ್ನೆರಡು ಜನರಿಗೂ ಮೊದಲು ಚೌಕಗಳ ಹಾಳೆ, ಆಮೇಲೆ ಪದಗಳ ಹಾಳೆ ಕೊಟ್ಟಿದ್ದೆ. ಅಂಕಿಗಳನ್ನು ನೋಡಿದ ನಮ್ಮ ಮಾರ್ಗದರ್ಶಕರು, “ಎರಡನೆಯದಕ್ಕೆ ಹೆಚ್ಚು ಹೊತ್ತು ಹಿಡಿದದ್ದು ಪದಗಳಿಂದಲೋ, ಬೇಸರದಿಂದಲೋ, ಹೇಗೆ ಹೇಳತೀರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹನ್ನೆರಡೂ ಜನರ ದತ್ತಾಂಶವನ್ನು ಬದಿಗಿಟ್ಟು ಇಪ್ಪತ್ತು ಹೊಸಬರನ್ನು ಕರೆದೆ. ಚೀಟಿ ಎತ್ತಿ, ಹತ್ತು ಜನರಿಗೆ ಚೌಕಗಳನ್ನು ಮೊದಲು, ಉಳಿದ ಹತ್ತು ಜನರಿಗೆ ಪದಗಳನ್ನು ಮೊದಲು ಕೊಟ್ಟೆ. ಅಭ್ಯಾಸದ ಲಾಭವಾಗಲಿ ದಣಿವಾಗಲಿ ಆಗ ಎರಡೂ ಹಾಳೆಗಳಿಗೆ ಸಮನಾಗಿ ಹಂಚಿಹೋಗುತ್ತದೆ.

ಈ ಸುತ್ತಿನಲ್ಲಿ ಬೆಳಗಾವಿ ಕಡೆಯ ಹುಡುಗನೊಬ್ಬ ಎರಡೂ ಹಾಳೆಗಳನ್ನು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಮುಗಿಸಿದ. ವಿಚಾರಿಸಿದರೆ, ಅವನು ಹತ್ತನೆಯ ತರಗತಿಯವರೆಗೆ ಮರಾಠಿ ಮಾಧ್ಯಮದಲ್ಲಿ ಓದಿದವನು. ಕನ್ನಡ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದ. ತಾನಾಗಿ ಓದಿಸಿಕೊಳ್ಳದ ಪದ ಬಣ್ಣಕ್ಕೆ ಅಡ್ಡ ಬರುವುದಾದರೂ ಹೇಗೆ? ಅವನನ್ನು ಕೈಬಿಟ್ಟರೆ ನನ್ನ ಸರಾಸರಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆದರೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ನಿಯಮವನ್ನು ನಾನು ಮೊದಲೇ ಬರೆದಿಟ್ಟಿರಲಿಲ್ಲವಾದ್ದರಿಂದ, ಅವನ ಅಂಕಿಗಳನ್ನೂ ಲೆಕ್ಕದಲ್ಲಿ ಉಳಿಸಿಕೊಂಡು, ಕಾರಣವನ್ನು ವರದಿಯಲ್ಲಿ ಪ್ರತ್ಯೇಕವಾಗಿ ಬರೆದೆ.