ಮಿಡ್‌ಲ್ಯಾಂಡಿನಲ್ಲಿ ಮನೆ ಕೊಳ್ಳುವ ಮೊದಲು: ಎಣ್ಣೆಯ ಊರಿಗೆ ಹೊಸದಾಗಿ ಬರುವ ಕನ್ನಡಿಗರಿಗೆ

ಪಶ್ಚಿಮ ಟೆಕ್ಸಸ್ಸಿನ ಮಿಡ್‌ಲ್ಯಾಂಡಿಗೆ ಮೊದಲ ಬಾರಿ ಬಂದಿಳಿಯುವ ನಮ್ಮವರು ವಿಮಾನದ ಕಿಟಕಿಯಿಂದ ಇಣುಕಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಈ ಬಯಲಿನ ತುಂಬ ಚೌಕಾಬಾರದ ಮನೆಗಳನ್ನು ಗೀಚಿದ ಹಾಗೆ ಕಾಣುವುದು ಏನು? ಅವು ಬಾವಿ ಕೊರೆಯುವುದಕ್ಕೆಂದು ಸಮತಟ್ಟು ಮಾಡಿ ಬಿಳಿ ಗರಸು ಹಾಸಿದ ಅಂಗಳಗಳು. ಒಂದೊಂದು ಅಂಗಳದಿಂದಲೂ ಎರಡು ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ ಮತ್ತೆ ಮೂರು ಕಿಲೋಮೀಟರ್ ಸಾಗುವ ಕೊಳವೆಗಳಿವೆ. ನೀರು, ಮರಳು ಮತ್ತು ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಶೇಲ್ ಎಂಬ ಬಂಡೆಯ ಪದರವನ್ನು ಬಿರಿಯಿಸಿದರೆ, ಆ ಬಿರುಕುಗಳಿಂದ ಎಣ್ಣೆ ಬರುತ್ತದೆ. 2010ರ ಹೊತ್ತಿಗೆ ಪರ್ಮಿಯನ್ ಬೇಸಿನ್ ಎಂಬ ಈ ಪ್ರದೇಶ ದಿನಕ್ಕೆ ಸುಮಾರು 10 ಲಕ್ಷ ಬ್ಯಾರೆಲ್ ಎಣ್ಣೆ ಕೊಡುತ್ತಿತ್ತು. 2024ರಲ್ಲಿ ಅದು 60 ಲಕ್ಷ ದಾಟಿ, ಅಮೆರಿಕದ ಒಟ್ಟು ಉತ್ಪಾದನೆಯ ಹತ್ತಿರಹತ್ತಿರ ಅರ್ಧದಷ್ಟಾಯಿತು. ನೀವು ಬರುತ್ತಿರುವುದು ಈ ಅಂಕಿಯ ಬೆನ್ನು ಹತ್ತಿ. ನಾನೂ ಹಾಗೆಯೇ ಬಂದೆ.

ಕಾಗದಪತ್ರದ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಬೇರೆ ರಾಜ್ಯದಿಂದ ಬಂದವರು ಕಾರನ್ನು 30 ದಿನಗಳೊಳಗೆ ನೋಂದಾಯಿಸಿ, ಡ್ರೈವಿಂಗ್ ಲೈಸೆನ್ಸನ್ನು 90 ದಿನಗಳೊಳಗೆ ಬದಲಿಸಿಕೊಳ್ಳಬೇಕು. ಉಳಿದದ್ದನ್ನು ಕಂಪನಿಯವರೇ ಹೇಳುತ್ತಾರೆ.

ಅವರು ಹೇಳದಿರುವುದನ್ನು ನಾನು ಹೇಳಬೇಕು. ನಾನು ಹೊಸಪೇಟೆಯವನು. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯ ಮುಂದಿನ ತುಳಸಿ ಗಿಡ ಕೆಂಪಗೆ ಬೆಳೆಯಿತು ಎಂದರೆ ಆ ಕಡೆಯವರು ನಂಬುತ್ತಾರೆ. ಗದ್ದೆ ಮಾಡುತ್ತಿದ್ದ ನನ್ನ ಸೋದರಮಾವ ಸಾಲ ಮಾಡಿ ಎರಡು ಟಿಪ್ಪರ್ ಲಾರಿ ಕೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಆ ಎರಡೂ ಲಾರಿಗಳು ಹಿತ್ತಲಿನಲ್ಲಿ ನಿಂತವು. ಮುಂದಿನ ಮಳೆಗಾಲದಲ್ಲಿ ಅವುಗಳ ಚಕ್ರದ ಸಂದಿಯಲ್ಲಿ ಕುಂಬಳಬಳ್ಳಿ ಹಬ್ಬಿತ್ತು. ಕಂತು ಮಾತ್ರ ನಿಲ್ಲಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡು, ಮಾವನ ದುಡುಕಿನ ಬಗ್ಗೆ ಮನೆಮಂದಿಗೆಲ್ಲ ಉಪದೇಶ ಕೊಟ್ಟು, 2012ರ ಜನವರಿಯಲ್ಲಿ ಮಿಡ್‌ಲ್ಯಾಂಡಿಗೆ ಬಂದ ನಾನು, 2014ರ ಜುಲೈನಲ್ಲಿ, ಎಣ್ಣೆ ಬ್ಯಾರೆಲ್ಲಿಗೆ 100 ಡಾಲರ್ ದಾಟಿದ್ದಾಗ, ನಾಲ್ಕು ಮಲಗುವ ಕೋಣೆಗಳ ಮನೆಯನ್ನೂ ಒಂದು ದೊಡ್ಡ ಪಿಕಪ್ ಟ್ರಕ್ಕನ್ನೂ ಸಾಲದ ಮೇಲೆ ಕೊಂಡೆ. ಮಾವನಿಗಾದರೋ ಲಾರಿಯಿಂದ ನಾಲ್ಕು ಕಾಸು ಬರುವ ಆಸೆಯಿತ್ತು. ನನ್ನ ಟ್ರಕ್ಕಿನಲ್ಲಿ ನಾನು ಸಾಗಿಸಿದ ಅತಿ ದೊಡ್ಡ ಸರಕೆಂದರೆ ಡಾಲಸ್ಸಿನಿಂದ ತಂದ ಸೋನಾ ಮಸೂರಿ ಅಕ್ಕಿಯ ಚೀಲಗಳು.

ತಪ್ಪು ಮನೆ ಕೊಂಡದ್ದರಲ್ಲಿ ಇರಲಿಲ್ಲ, ಯಾವ ಸಂಬಳವನ್ನು ನೋಡಿ ಕೊಂಡೆ ಎಂಬುದರಲ್ಲಿತ್ತು. ಫೀಲ್ಡ್ ಕೆಲಸದವರಿಗೆ 14 ದಿನ ಕೆಲಸ, 7 ದಿನ ರಜೆ ಎಂಬ ಪಾಳಿ ಇಲ್ಲಿ ಸಾಮಾನ್ಯ. ಆ ದಿನಗಳ ಭತ್ಯೆ, ಓವರ್‌ಟೈಮ್, ಬೋನಸ್ ಎಲ್ಲ ಸೇರಿದರೆ ಕೈಗೆ ಬರುವ ಮೊತ್ತ ಮೂಲ ಸಂಬಳಕ್ಕಿಂತ ಎಷ್ಟೋ ಹೆಚ್ಚು. ಬ್ಯಾಂಕಿನವರು ಆ ಒಟ್ಟು ಮೊತ್ತವನ್ನು ನೋಡಿ ನಗುತ್ತಾ ಸಾಲ ಕೊಟ್ಟರು, ನಾನೂ ನಗುತ್ತಾ ಸಹಿ ಹಾಕಿದೆ. ಆರು ತಿಂಗಳಲ್ಲಿ ಎಣ್ಣೆಯ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, 2016ರ ಫೆಬ್ರವರಿಯಲ್ಲಿ 30 ಡಾಲರಿಗಿಂತಲೂ ಕೆಳಗಿತ್ತು. ನನ್ನ ಕೆಲಸ ಉಳಿಯಿತು, ಆದರೆ ಭತ್ಯೆ, ಓವರ್‌ಟೈಮ್, ಬೋನಸ್ ಮೂರೂ ಒಂದರ ಹಿಂದೊಂದರಂತೆ ಹೋದವು. ಮನೆಯನ್ನು ಮಾರೋಣವೆಂದರೆ ಕೊಂಡ ಬೆಲೆಗೆ ಕೇಳುವವರಿಲ್ಲ, ಏಕೆಂದರೆ ಕೊಳ್ಳಬೇಕಾದವರ ಓವರ್‌ಟೈಮ್ ಕೂಡ ಅದೇ ವಾರ ಹೋಗಿತ್ತು. ಒಂದೇ ಕಸುಬಿನ ಊರಿನಲ್ಲಿ ಕಷ್ಟ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಆದ್ದರಿಂದ ಮೊದಲ ಎರಡು ವರ್ಷ ಬಾಡಿಗೆಗೇ ಇರಿ. ಬಾಡಿಗೆ ದುಬಾರಿಯೆಂದು ಗೊಣಗಿಕೊಂಡೇ ಇರಿ. ಭತ್ಯೆಯ ಹಣವನ್ನು ಕೆರೆಗೆ ಬಂದ ಮಳೆನೀರೆಂದು ತಿಳಿದು ಪ್ರತ್ಯೇಕವಾಗಿಡಿ, ಕಂತಿನ ಲೆಕ್ಕವನ್ನು ಮೂಲ ಸಂಬಳದ ಮೇಲೆ ಮಾತ್ರ ಹಾಕಿ. ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಹಿಗ್ಗಬೇಡಿ; ಆಸ್ತಿ ತೆರಿಗೆ ಅದನ್ನು ಬೇರೆ ಬಾಗಿಲಿನಿಂದ ಬಂದು ವಸೂಲು ಮಾಡುತ್ತದೆ, ಮತ್ತು ಎಣ್ಣೆಯ ಹುಮ್ಮಸ್ಸಿನಲ್ಲಿ ನೀವು ಮಾರದ ಮನೆಯ ಬೆಲೆಯೂ ಅಧಿಕಾರಿಗಳ ಪುಸ್ತಕದಲ್ಲಿ ಏರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಮೇ 15ರೊಳಗೆ ಆ ಮೌಲ್ಯಮಾಪನಕ್ಕೆ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ನಾನು ಅದನ್ನು ತಿಳಿದದ್ದು ನಾಲ್ಕನೆಯ ವರ್ಷದಲ್ಲಿ.

ಇನ್ನೊಂದು ಭ್ರಮೆಯೂ ನನಗಿತ್ತು. ಮನೆಯ ಪತ್ರಕ್ಕೆ ಸಹಿ ಹಾಕಿದ ದಿನ, ಮುಂದೊಂದು ದಿನ ನಮ್ಮ ಹಿತ್ತಲಿನಡಿ ಎಣ್ಣೆ ಸಿಕ್ಕರೆ ರಾಯಲ್ಟಿ ಬಂದೀತು ಎಂದು ಹೆಂಡತಿಗೆ ಗುಟ್ಟಾಗಿ ಹೇಳಿದ್ದೆ. ಟೆಕ್ಸಸ್ಸಿನಲ್ಲಿ ನೆಲದ ಮೇಲಿನ ಹಕ್ಕು ಬೇರೆ, ನೆಲದಡಿಯ ಖನಿಜದ ಹಕ್ಕು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಮಾರಬಹುದು, ಮತ್ತು ಕಾನೂನಿನಲ್ಲಿ ಖನಿಜದ ಹಕ್ಕಿನದೇ ಮೇಲುಗೈ. ನಮ್ಮ ಬಡಾವಣೆಯ ಅಡಿಯ ಹಕ್ಕನ್ನು ಯಾರೋ ಅಜ್ಜಂದಿರ ಕಾಲದಲ್ಲಿಯೇ ಬೇರ್ಪಡಿಸಿ ಇಟ್ಟುಕೊಂಡಿದ್ದರು. ಈ ಹಕ್ಕಿರುವ ಹಳೆಯ ಕುಟುಂಬಗಳಿಗೂ, ಅವರ ಬಾವಿಯಲ್ಲಿ ದುಡಿಯುವವರಿಗೂ, ಇವೆರಡೂ ಅಲ್ಲದೆ ಏರಿದ ಬಾಡಿಗೆಯನ್ನು ಮಾತ್ರ ಕಟ್ಟುವ ಶಾಲೆಯ ಶಿಕ್ಷಕಿಗೂ ಈ ಊರು ಬೇರೆಬೇರೆಯಾಗಿಯೇ ಕಾಣುತ್ತದೆ. ಭರಾಟೆಯ ವರ್ಷಗಳಲ್ಲಿ ಶಿಕ್ಷಕರು ಕೆಲಸ ಬಿಟ್ಟು ಲಾರಿ ಓಡಿಸಲು ಹೋದದ್ದುಂಟು. ಕೆಲಸಗಾರರಿಲ್ಲದೆ ಹೋಟೆಲುಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕಿದ್ದುಂಟು. 2018ರಲ್ಲಿ ಇಲ್ಲಿನ ನಿರುದ್ಯೋಗ ಶೇಕಡಾ 2ರ ಆಸುಪಾಸಿನಲ್ಲಿತ್ತು. ಕ್ಷೌರದಂಗಡಿಯಲ್ಲಿ ಎರಡು ಗಂಟೆ ಕಾಯುವವನಿಗೆ ಆ ಅಂಕಿಯಿಂದ ಸಿಗುವ ಸಮಾಧಾನ ಅಷ್ಟಕ್ಕಷ್ಟೆ.

ರಸ್ತೆಯ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ಪೇಕೋಸ್‌ನಿಂದ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್ ಕಡೆಗೆ ಹೋಗುವ 285ನೆಯ ಹೆದ್ದಾರಿಗೆ ಇಲ್ಲಿಯವರು ಸಾವಿನ ಹೆದ್ದಾರಿ ಎಂದೇ ಹೆಸರಿಟ್ಟಿದ್ದಾರೆ. ಹಳ್ಳಿಯ ದನಗಾಹಿಗಳಿಗೆಂದು ಹಾಕಿದ್ದ ರಸ್ತೆಗಳ ಮೇಲೆ ಮರಳು, ನೀರು, ಕೊಳವೆ ಹೊತ್ತ ಲಾರಿಗಳು ಹಗಲಿರುಳು ಓಡುತ್ತವೆ. ಓಡಿಸುವವನು ಹನ್ನೆರಡು ಗಂಟೆ ದುಡಿದು ನಿದ್ದೆಗಣ್ಣಿನಲ್ಲಿ ಇರಬಹುದು. ಪಾಳಿ ಮುಗಿದ ರಾತ್ರಿಯೇ ಮನೆ ಸೇರುವ ಆತುರ ಬೇಡ. ನನ್ನ ಹೆಂಡತಿ ಹಾಕಿದ ನಿಯಮವೊಂದಿದೆ: ಹೊರಡುವಾಗ ಒಂದು ಫೋನು, ದಾರಿಯಲ್ಲಿ ಕಣ್ಣು ಎಳೆದರೆ ನಿಲ್ಲಿಸಿ ಮಲಗುವುದು, ಮನೆಗೆ ಬೆಳಿಗ್ಗೆ ಬಂದರೂ ಯಾರೂ ಬಯ್ಯುವುದಿಲ್ಲ.

ಊರಿನಿಂದ ತಂದೆತಾಯಿ ಬಂದಾಗ ನಾನು ಮಾಡಿದ ತಪ್ಪನ್ನೂ ನೀವು ಮಾಡಬೇಡಿ. ತಲೆ ಎತ್ತಿ ಇಳಿಸುವ ಪಂಪ್‌ಜಾಕ್ ಯಂತ್ರವನ್ನು ದೂರದಿಂದ ಕಂಡ ನನ್ನ ಅಮ್ಮ, “ಏತ ಇದ್ದಂಗ ಐತಲ್ಲೋ” ಎಂದು ಬೆರಗಾದಳು. ಹತ್ತಿರದಿಂದ ತೋರಿಸೋಣ, ಫೋಟೋ ತೆಗೆಯೋಣ ಎಂದು ಮಣ್ಣಿನ ದಾರಿಗೆ ಕಾರು ತಿರುಗಿಸಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಏತದ ಮುಂದೆ ನಿಂತಳು, ಕೊಳೆತ ಮೊಟ್ಟೆಯ ವಾಸನೆಯೆಂದು ಮೂಗು ಮುಚ್ಚಿದಳು, ಸ್ವಲ್ಪ ಹೊತ್ತಿನಲ್ಲಿ ಧೂಳೆಬ್ಬಿಸಿಕೊಂಡು ಬಂದ ಪಿಕಪ್ಪಿನಿಂದ ಒಬ್ಬ ಕೆಲಸಗಾರ ಇಳಿದು, ಎದೆಗೆ ಸಿಕ್ಕಿಸಿಕೊಂಡಿದ್ದ ಪುಟ್ಟ ಮೀಟರನ್ನು ತೋರಿಸುತ್ತಾ, ಕೂಡಲೇ ಹೊರಡಿ ಎಂದು ಕೂಗಿದ. ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ್ದು, ಮೀಟರು ಅದನ್ನು ಅಳೆಯುವುದು. ಸ್ವಲ್ಪವಿದ್ದಾಗ ನಾರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ, ಆದ್ದರಿಂದ ವಾಸನೆ ನಿಂತಿತು ಎಂದರೆ ಅಪಾಯ ಕಳೆಯಿತು ಎಂದಲ್ಲ. ನಾನು ಅದೇ ಉದ್ಯಮದ ಎಂಜಿನಿಯರು, ನನ್ನ ಮೀಟರು ಮನೆಯ ಡ್ರಾಯರಿನಲ್ಲಿತ್ತು. ಅಮ್ಮನಿಗೆ ನಿಜ ಹೇಳಲಿಲ್ಲ. ಖಾಸಗಿ ಜಾಗವಂತೆ ಎಂದಷ್ಟೇ ಹೇಳಿದೆ.

ನೀರು ಗಡಸು. ಹೊಸದರಲ್ಲಿ ಬೇಳೆ ಬೇಯುವುದಿಲ್ಲವೆಂದು ಕುಕ್ಕರನ್ನು ಬಯ್ಯಬೇಡಿ, ಅಡುಗೆಗೆ ಶುದ್ಧೀಕರಿಸಿದ ನೀರು ತಂದುಕೊಳ್ಳಿ. ನೆಲದಡಿಯಿಂದ ಒಂದು ಬ್ಯಾರೆಲ್ ಎಣ್ಣೆಯ ಜೊತೆ ಮೂರು ನಾಲ್ಕು ಬ್ಯಾರೆಲ್ ಉಪ್ಪುನೀರೂ ಮೇಲೆ ಬರುತ್ತದೆ. ಅದರ ಬಹುಪಾಲನ್ನು ಮತ್ತೆ ಬೇರೆ ಬಾವಿಗಳಿಗೆ ಒತ್ತಿ ತುಂಬುತ್ತಾರೆ, ಹಾಗೆ ತುಂಬಿದಲ್ಲಿ ಹಳೆಯ ಬಿರುಕುಗಳು ಜಾರಿ ಭೂಮಿ ನಡುಗುತ್ತದೆ. 2022ರ ಡಿಸೆಂಬರ್ 16ರ ಸಂಜೆ ಮಿಡ್‌ಲ್ಯಾಂಡಿನ ಹತ್ತಿರ 5ಕ್ಕೂ ಹೆಚ್ಚಿನ ಪ್ರಮಾಣದ ಕಂಪನವಾದಾಗ ನಮ್ಮ ದೇವರ ಮನೆಯ ಗಂಟೆ ತಾನಾಗಿ ಬಾರಿಸಿತು. ಈ ಬಾವಿಗಳಿಗೆ ಪರವಾನಗಿ ಕೊಡುವ, ಕಂಪನ ಹೆಚ್ಚಾದಲ್ಲಿ ನಿಲ್ಲಿಸುವ ಸಂಸ್ಥೆಯ ಹೆಸರು ಟೆಕ್ಸಸ್ ರೈಲ್‌ರೋಡ್ ಕಮಿಷನ್; ರೈಲಿಗೂ ಅದಕ್ಕೂ ಈಗ ಸಂಬಂಧವಿಲ್ಲ, ನೀವು ನನ್ನಂತೆ ರೈಲ್ವೆ ಇಲಾಖೆಯೆಂದು ನಕ್ಕು ಅಲ್ಲಿಂದ ಬಂದ ಪತ್ರವನ್ನು ಕಸಕ್ಕೆ ಹಾಕಬೇಡಿ.

ಪರಕೀಯ ಅನ್ನಿಸುವ ಈ ಬಯಲಿನಲ್ಲಿ ಪರಿಚಿತರು ಕೆಲವರಿದ್ದಾರೆ. ಎಲ್ಲೆಲ್ಲೂ ಕಾಣುವ ಮೆಸ್ಕೀಟ್ ಮುಳ್ಳುಗಿಡ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಬಾವಿಗೆ ಮರಳನ್ನು ಹೊತ್ತೊಯ್ಯಲು ನೀರನ್ನು ಮಂದ ಮಾಡುವ ಅಂಟು ಬರುವುದು ಹಳೆ ಮೈಸೂರಿನವರು ಗೋರಿಕಾಯಿ, ನಮ್ಮ ಕಡೆಯವರು ಚವಳಿಕಾಯಿ ಎನ್ನುವ ತರಕಾರಿಯ ಬೀಜದಿಂದ. ಶೇಲ್ ಭರಾಟೆಯಲ್ಲಿ ಅದರ ಬೆಲೆ ಹೇಗೆ ಏರಿತೆಂದರೆ, 2012ರಲ್ಲಿ ಭಾರತ ಅದರ ವಾಯಿದಾ ವ್ಯಾಪಾರವನ್ನೇ (ಮುಂದೆ ಕೊಡುವ ಮಾಲಿಗೆ ಇಂದೇ ಬೆಲೆ ಕಟ್ಟುವುದನ್ನು) ನಿಲ್ಲಿಸಬೇಕಾಯಿತು. ರಾಜಸ್ಥಾನದ ರೈತ ಬೆಳೆದ ಚವಳಿ ಈ ಬಂಡೆಯೊಳಗೆ ಟನ್ನುಗಟ್ಟಲೆ ಇಳಿದಿದೆ; ಪಲ್ಯಕ್ಕೆ ಒಂದು ಹಿಡಿ ಎಳೆಕಾಯಿ ಬೇಕೆಂದರೆ 500 ಕಿಲೋಮೀಟರಿಗೂ ದೂರದ ಡಾಲಸ್ಸಿಗೆ ಹೋಗಬೇಕಾಗಿತ್ತು.

2020ರ ಏಪ್ರಿಲ್ 20ರಂದು ಎಣ್ಣೆಯ ವಾಯಿದಾ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗಿಳಿಯಿತು. ಮರುವಾರ ನನ್ನ ಕೆಲಸವೂ ಹೋಯಿತು. ಎಚ್‌-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಹೊಸ ಕೆಲಸ ಹಿಡಿಯಲು, ಇಲ್ಲವೇ ದೇಶ ಬಿಡಲು ಹೆಚ್ಚೆಂದರೆ 60 ದಿನ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದೆ. ಮಗಳು ಏನೂ ಕೇಳದೆ ಆ ಗೀಟುಗಳನ್ನು ಎಣಿಸುತ್ತಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. 47ನೆಯ ದಿನ ಉಪ್ಪುನೀರನ್ನು ಸಂಸ್ಕರಿಸುವ ಕಂಪನಿಯೊಂದು ನನ್ನ ವೀಸಾದ ಅರ್ಜಿ ಸಲ್ಲಿಸಿತು. ನೀವು ಬರುವ ಮೊದಲ ತಿಂಗಳಿನಿಂದಲೇ ಆರು ತಿಂಗಳ ಖರ್ಚನ್ನು ಕೂಡಿಡಿ, ಮತ್ತು ಬೇರೆ ಉದ್ಯಮದಲ್ಲಿಯೂ ನಡೆಯುವ ಒಂದು ಕೆಲಸ ಕಲಿತಿರಿ. ಈಗ ಎಣ್ಣೆ ಹೆಚ್ಚಿದರೆ ಕೆಲಸ ಹೆಚ್ಚುತ್ತದೆಂಬ ಹಳೆಯ ಲೆಕ್ಕವೂ ನಡೆಯುವುದಿಲ್ಲ: 2024ರಲ್ಲಿ ಎಕ್ಸಾನ್‌ಮೊಬಿಲ್ ಪಯೊನಿಯರ್ ಎಂಬ ಎಣ್ಣೆ ಕಂಪನಿಯನ್ನು, ಡೈಮಂಡ್‌ಬ್ಯಾಕ್ ಎಂಡೀವರ್ ಕಂಪನಿಯನ್ನು ಕೊಂಡವು, ಬಾವಿ ಕೊರೆಯುವ ಕಡಿಮೆ ರಿಗ್ಗುಗಳಿಂದ, ಕಡಿಮೆ ಜನರಿಂದ ಹೆಚ್ಚು ಎಣ್ಣೆ ತೆಗೆಯುವುದನ್ನು ಇವರು ಕಲಿತಿದ್ದಾರೆ.

ಮಕ್ಕಳ ಲೆಕ್ಕ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. 2014ರಲ್ಲಿ ನಮ್ಮ ಮನೆಯ ಹಜಾರದಲ್ಲಿ ಭಾನುವಾರದ ಕನ್ನಡ ಪಾಠಕ್ಕೆ ಎಂಟು ಮಕ್ಕಳು ಬರುತ್ತಿದ್ದರು, 2016ರ ಯುಗಾದಿಯ ಹೊತ್ತಿಗೆ ಇಬ್ಬರು ಉಳಿದರು, ಅವರಲ್ಲಿ ಒಬ್ಬಳು ನನ್ನ ಮಗಳೇ. ಕಾಗುಣಿತ ಮುಗಿಯುವ ಮೊದಲೇ ಗೆಳತಿಯರು ಹ್ಯೂಸ್ಟನ್ನಿಗೋ ಬೆಂಗಳೂರಿಗೋ ಹೊರಟುಹೋಗುತ್ತಿದ್ದರು. ಮೂರನೆಯ ಸಲ ಹೀಗಾದ ಮೇಲೆ ಅವಳು ಶಾಲೆಗೆ ಹೊಸದಾಗಿ ಬಂದ ಮಕ್ಕಳನ್ನು, ನಿಮ್ಮಪ್ಪ ಎಷ್ಟು ದಿನಕ್ಕೆ ಬಂದಿದ್ದಾರೆ ಎಂದು ಮೊದಲೇ ಕೇಳಿ ತಿಳಿದುಕೊಂಡು ಆಮೇಲೆ ಗೆಳೆತನ ಮಾಡತೊಡಗಿದಳು. ಅವಳನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ನಾವು ದೊಡ್ಡವರೂ ಇಲ್ಲಿ ಇನ್ನೆರಡು ವರ್ಷ ಎಂದುಕೊಂಡೇ ಬದುಕುತ್ತಿದ್ದೆವು: ಗೋಡೆಗೆ ಮೊಳೆ ಹೊಡೆಯಲಿಲ್ಲ, ನೆರೆಯವರ ಹೆಸರು ಕಲಿಯಲಿಲ್ಲ, ಕರಿಬೇವಿನ ಗಿಡವನ್ನು ಕುಂಡದಿಂದ ದೊಡ್ಡ ಕುಂಡಕ್ಕೂ ಬದಲಿಸಲಿಲ್ಲ. ಪಾಠಕ್ಕೆ ಒಂದೇ ಮಗು ಬಂದರೂ ನಿಲ್ಲಿಸಬೇಡಿ, ನಾನು ನಿಲ್ಲಿಸಿದೆ. ಈಗ ಅವಳು ಅಜ್ಜಿಯ ಮಾತು ಅರ್ಥಮಾಡಿಕೊಳ್ಳುತ್ತಾಳೆ, ಅಜ್ಜಿ ಬರೆದದ್ದನ್ನು ಓದಲಾರಳು.

ಹೋದ ವರ್ಷ ಮಗಳು ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿದಳು. 1923ರಲ್ಲಿ ಇಲ್ಲಿಂದ ದಕ್ಷಿಣಕ್ಕೆ, ಬಿಗ್ ಲೇಕ್ ಬಳಿ ಆ ವಿಶ್ವವಿದ್ಯಾಲಯದ ಬಂಜರು ನೆಲದಲ್ಲಿ ಎಣ್ಣೆ ಚಿಮ್ಮಿದ ಸಾಂಟಾ ರೀಟಾ ಬಾವಿಯ ಹಳೆಯ ಯಂತ್ರವನ್ನು ಅವರ ಆವರಣದಲ್ಲಿ ನಿಲ್ಲಿಸಿದ್ದಾರೆ. ಅಂದಿನಿಂದ ಈ ನೆಲದ ದುಡ್ಡು ಅಲ್ಲಿಯ ಕಟ್ಟಡಗಳಿಗೆ ಹರಿಯುತ್ತಲೇ ಇದೆ. ಸೇರಿದ ಮೊದಲ ವಾರ ಮಗಳು ಅದರ ಮುಂದೆ ನಿಂತು ಫೋಟೋ ಕಳಿಸಿದ್ದಳು, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಅಪ್ಪಾ, ಇದು ನಮ್ಮೂರಿಂದು. ನಾನು ಅದನ್ನು ಹೊಸಪೇಟೆಗೆ ಅಮ್ಮನ ಫೋನಿಗೆ ದಾಟಿಸಿ, ಮಗಳು ಬರೆದದ್ದನ್ನು ಓದಿ ಹೇಳಿದೆ. ಅಮ್ಮ ಬಹಳ ಹೊತ್ತು ನೋಡಿರಬೇಕು. ಆಮೇಲೆ ಕೇಳಿದಳು: “ನಮ್ಮೂರು ಅಂದ್ರ ಯಾವೂರಪ್ಪ?”