ದಪ್ಪ ಚಾಕಿನ ಹುಚ್ಚು ಮತ್ತು ಒಂದು ಜೀಪ್ ಪಾಟಾ

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ನಾನಿರೋದು ಬೆಂಗಳೂರಲ್ಲಿ. ತಿಂಗಳಿಗೊಂದ್ಸಲ ಊರಿಗೆ ಹೋದ್ರೆ ತೋಟದ ತಲೆಗಿರೋ ನಮ್ಮದೇ ಗುಡ್ಡದಲ್ಲಿ ಟಾರ್ಪಾಲ್ ಕಟ್ಕೊಂಡು ಒಂದೆರಡು ರಾತ್ರಿ ಕಳೆಯೋ ಚಟ ಇದೆ, ಮನೆ ಕೂಗಳತೆ ದೂರದಲ್ಲಿದ್ರೂ. ಅಮ್ಮ ಇವತ್ತಿಗೂ ಕೇಳ್ತಾಳೆ, ಒಳಗೆ ಮಂಚ ಇಲ್ವಾ ನಿಂಗೆ ಅಂತ. ಈ ಚಟದ ಜೊತೆಗೇ ಬಂದಿದ್ದು ಚಾಕಿನ ಹುಚ್ಚು. ಮಡಚೋ ಚಾಕಲ್ಲ, ಫಿಕ್ಸೆಡ್ ಬ್ಲೇಡು, ಅದೂ ಹೆವಿ ಡ್ಯೂಟಿ. ಮೂರು ಚಾಕಿಗೆ ದುಡ್ಡು ಸುರಿದು ನಾಲ್ಕನೇದಕ್ಕೆ ಸರಿಹೋದೆ, ಆ ಕತೆ ಇದು.

ಮೊದಲನೇದು ಆನ್‌ಲೈನಲ್ಲಿ ತಗೊಂಡಿದ್ದು, ಹೆಸರು ಬೇಡ. ಹಿಡಿ ಒಳಗೆ ಟೊಳ್ಳು, ಅದರೊಳಗೆ ಬೆಂಕಿಕಡ್ಡಿ, ಗಾಳ, ದಾರ, ಮುಚ್ಚಳದಲ್ಲಿ ದಿಕ್ಸೂಚಿ, ಬೆನ್ನಿಗೆ ಗರಗಸದ ಹಲ್ಲು. ನೋಡಿದ್ರೆ ಸಿನಿಮಾ ಹೀರೋ ಆಗಿಬಿಟ್ಟ ಹಾಗೆ. ಒಣಗಿದ ಅಕೇಶಿಯಾ ತುಂಡಿನ ಮೇಲಿಟ್ಟು ಬೆನ್ನಿಗೆ ಕೊರಡಲ್ಲಿ ನಾಲ್ಕು ಏಟು ಹಾಕಿದ್ದೆ ಅಷ್ಟೆ, ಐದನೇ ಏಟಿಗೆ ಅಲಗು ಸೌದೆಯಲ್ಲೇ ಉಳೀತು, ಬರೀ ಹಿಡಿ ನನ್ನ ಕೈಲಿ. ಬಿಚ್ಚಿ ನೋಡಿದ್ರೆ ಅಲಗಿನ ಬುಡದಿಂದ ಕಿರುಬೆರಳಿಗಿಂತ ಸಣ್ಣ ಬೋಲ್ಟ್ ಒಂದು ಹಿಡಿಯೊಳಗೆ ಬಂದಿದೆ, ಅದನ್ನೂ ವೆಲ್ಡ್ ಮಾಡಿದ್ದಾರೆ, ಮುರಿದಿದ್ದು ಆ ವೆಲ್ಡಿನಲ್ಲೇ.

ಅಲಗಿನ ಕಬ್ಬಿಣ ಹಿಡಿ ಒಳಗೆ ಎಲ್ಲಿವರೆಗೆ ಹೋಗಿದೆ ಅನ್ನೋದಕ್ಕೆ ಟ್ಯಾಂಗ್ ಅಂತಾರೆ. ಹಿಡಿಯಷ್ಟೇ ಅಗಲಕ್ಕೆ ತುದಿವರೆಗೂ ಹೋಗಿದ್ರೆ ಫುಲ್ ಟ್ಯಾಂಗ್, ಎರಡೂ ಪಕ್ಕಕ್ಕೆ ಮರ ಇಟ್ಟು ರಿವೆಟ್ ಹೊಡೆದಿರ್ತಾರೆ, ಅಂಚಲ್ಲಿ ಕಬ್ಬಿಣ ಕಣ್ಣಿಗೇ ಕಾಣುತ್ತೆ. ನಮ್ಮ ಕತ್ತಿಗಳಲ್ಲಿ ಟ್ಯಾಂಗು ಮೊಳೆ ಥರ ಚೂಪಾಗಿದ್ದು ಹಿಡಿಯೊಳಗೆ ಹೊಕ್ಕಿರುತ್ತೆ, ಆದರೆ ಕತ್ತಿಗೆ ಯಾರೂ ಬೆನ್ನ ಮೇಲೆ ಹೊಡೆಯಲ್ವಲ್ಲ, ಬೀಸೋದು ಅಷ್ಟೆ, ಹಾಗಾಗಿ ಅದು ನಡೆಯುತ್ತೆ, ಹಿಡಿ ಸಡಿಲ ಆದ್ರೆ ಬೇರೆ ಹಾಕ್ಕೊಳ್ತಾರೆ. ಬೆನ್ನಿಗೆ ಹೊಡೆದು ಸೌದೆ ಸೀಳ್ತೀನಿ ಅನ್ನೋವ್ರಿಗೆ ಮಾತ್ರ ಫುಲ್ ಟ್ಯಾಂಗ್ ಬೇಕೇ ಬೇಕು.

ಒಂದ್ಸಲ ಮುರೀತು ನೋಡಿ, ಹೆದರಿಕೆಗೆ ಎರಡನೇದು ಇನ್ನೊಂದು ತುದಿಗೆ ಹೋದೆ. 6 ಮಿಲಿಮೀಟರ್ ದಪ್ಪ, ಫುಲ್ ಟ್ಯಾಂಗ್, 7 ಇಂಚು ಅಲಗು, ಒರೆ ಬಿಟ್ಟು ಹತ್ತಿರ ಹತ್ತಿರ ಅರ್ಧ ಕೆಜಿ. ಮುರಿಯೋ ಮಾತೇ ಇಲ್ಲ, ಜೀಪ್ ಹತ್ತಿಸಿದ್ರೂ ಮುರಿಯಲ್ಲ. ಆದ್ರೆ ಅದರಲ್ಲಿ ಸೌತೆಕಾಯಿ ಹೆಚ್ಚೋಕೆ ಹೋದ್ರೆ ಹೆಚ್ಚೋದಿಲ್ಲ, ಟಕ್ ಅಂತ ಸೀಳಿ ಎರಡು ಹೋಳಾಗಿ ಆಚೆ ಈಚೆ ಹಾರುತ್ತೆ. ಮಳೆಗಾಲದಲ್ಲಿ ಬೆಂಕಿ ಹಚ್ಚೋಕೆ ಒದ್ದೆ ಸೌದೆ ಸೀಳಿ ಒಳಗಿನ ಒಣ ತಿರುಳಿಂದ ಸುರುಳಿ ಸುರುಳಿ ಚಕ್ಕೆ ಎಬ್ಬಿಸಬೇಕು, ಇದರಲ್ಲಿ ಸುರುಳಿ ಎದ್ದು ಒಂದಿಂಚು ಬರೋದ್ರೊಳಗೆ ಕಿತ್ತು ಬೀಳೋದು. ಯಾಕೆ ಅಂತ ಗೊತ್ತಾಗೋಕೆ ನಂಗೆ ಒಂದು ವರ್ಷ ಬೇಕಾಯ್ತು. ಹರಿತ ಇತ್ತು ಮಾರಾಯ್ರೆ, ಕೈ ಕೂದಲು ಬೋಳಿಸೋ ಅಷ್ಟು. ತೊಂದ್ರೆ ಇದ್ದಿದ್ದು ಬಾಯಿಯ, ಅಂದ್ರೆ ಹರಿತದ ಅಂಚಿನ, ಹಿಂದೆ. ವರ್ನಿಯರ್ ಇಟ್ಟು ನೋಡಿದ್ರೆ ಬಾಯಿಂದ ಚೂರು ಹಿಂದಕ್ಕೇ 1.3 ಮಿಲಿಮೀಟರ್ ಇದೆ. ಬೆಣೆ ಹೊಡೆದ ಹಾಗೆ ಆಗುತ್ತೆ, ಕತ್ತರಿಸೋದಲ್ಲ. ಅರ್ಧ ಮಿಲಿಮೀಟರ್ ಆಸುಪಾಸು ಇದ್ರೆ ಮರದ ಕೆಲಸಕ್ಕೂ ತಡೆಯುತ್ತೆ, ತರಕಾರಿಗೂ ಆಗುತ್ತೆ. ಅಂಗಡಿಯವರು ಬೆನ್ನಿನ ದಪ್ಪ ಮಾತ್ರ ದೊಡ್ಡದಾಗಿ ಬರೀತಾರೆ, ಈ ಅಳತೆ ಯಾರೂ ಬರೆಯಲ್ಲ. ಆ ಚಾಕು ಈಗ ಅಡಿಗೆಮನೆಯಲ್ಲಿದೆ, ಅಮ್ಮ ಅದರ ಬೆನ್ನಲ್ಲಿ ಬೆಲ್ಲ ಕುಟ್ತಾಳೆ, ತುಂಬಾ ಅನುಕೂಲ ಅಂತಾಳೆ.

ಮೂರನೇದರ ಬಗ್ಗೆ ಹೆಚ್ಚು ಹೇಳೋದಿಲ್ಲ, ಸ್ಟೀಲ್ ಮೆತ್ತಗಿತ್ತು, ಒಂದು ಬಿದಿರು ಕಡಿಯೋದ್ರಲ್ಲಿ ಬಾಯಿ ಮಗುಚಿ ಹೋಯ್ತು.

ಆಮೇಲೆ ಬುದ್ಧಿ ಬಂತು ಅನ್ನಿ. ಒಂದು ಶನಿವಾರ ಭಾನುವಾರ ಗುಡ್ಡದಲ್ಲಿದ್ದಾಗ ಚಾಕನ್ನ ಯಾವ್ಯಾವುದಕ್ಕೆ ಒರೆಯಿಂದ ತೆಗೆದೆ ಅಂತ ಮೊಬೈಲಲ್ಲಿ ಬರ್ಕೊಂಡೆ. ಹಗ್ಗ ಕತ್ತರಿಸೋಕೆ, ಟಾರ್ಪಾಲಿನ ಗೂಟ ಚೂಪು ಮಾಡೋಕೆ, ಚಕ್ಕೆ ಎಬ್ಬಿಸೋಕೆ, ಈರುಳ್ಳಿ ಹೆಚ್ಚೋಕೆ, ಜಿಗಣೆ ಕಿತ್ತ ಮೇಲೆ ಬ್ಯಾಂಡೇಜ್ ಕತ್ತರಿಸೋಕೆ, ಮಣಿಕಟ್ಟಿನ ದಪ್ಪದ ಸೌದೆ ಸೀಳೋಕೆ ಎರಡು ಸಲ. ಮರ ಕಡಿಯೋಕೆ ಒಂದ್ಸಲವೂ ಇಲ್ಲ, ಯಾಕಂದ್ರೆ ಸೊಂಟದಲ್ಲಿ ಕತ್ತಿ ಇತ್ತು! ಸರ್ವೈವಲ್ ಚಾಕು ಅಂತ ಮಾರೋದರಲ್ಲಿ ಅರ್ಧ, ಕತ್ತಿ ಮಾಡೋ ಕೆಲಸವನ್ನ ಚಾಕಿನ ಕೈಲಿ ಮಾಡಿಸೋಕೆ ಹೋಗಿ ಎರಡಕ್ಕೂ ಬರದ ಹಾಗೆ ಮಾಡಿಟ್ಟಿರೋದು. ನಮ್ಮ ಮಲೆನಾಡಲ್ಲಿ ಕೆಲಸಕ್ಕೊಂದು ಕತ್ತಿ, ಕೊಡಗಿನವ್ರಿಗೂ ಒಡಿಕತ್ತಿ ಬೇರೆ, ಪೀಚೆಕತ್ತಿ ಬೇರೆ. ನನಗೆ ಬೇಕಾಗಿದ್ದು 5 ಇಂಚು ಅಲಗು, 4 ಮಿಲಿಮೀಟರ್ ಬೆನ್ನು, ಫುಲ್ ಟ್ಯಾಂಗ್, ಬೆನ್ನಿನ ಅಂಚು ಮಾತ್ರ ಉರುಟಾಗಿರಬಾರದು, ಚೌಕ ಇರಬೇಕು, ಫೆರೋ ರಾಡ್ (ಬೆಂಕಿ ಹಚ್ಚೋಕೆ ಬಳಸೋ ಲೋಹದ ಕಡ್ಡಿ) ಉಜ್ಜಿ ಕಿಡಿ ಹಾರಿಸೋಕೆ. ಕಿಡಿ ಬರೋದು ರಾಡಿಂದ, ಚಾಕಿಂದ ಅಲ್ಲ, ಹಾಗಾಗಿ ಸ್ಟೇನ್‌ಲೆಸ್ ಆದ್ರೂ ನಡೆಯುತ್ತೆ, ಅಂಚು ಚುರುಕಾಗಿದ್ರೆ ಸಾಕು.

ಕೊಳ್ಳೋದಾದ್ರೆ ಏನೇನಿದೆ ಅಂತಾನೂ ನೋಡಿದೆ. ಸ್ನೇಹಿತನ ಹತ್ರ ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಇತ್ತು, ಒಂದು ಮಳೆಗಾಲ ಇಸ್ಕೊಂಡು ಬಳಸಿದೆ. 104 ಮಿಲಿಮೀಟರ್ ಅಲಗು, ದಪ್ಪ ಬರೀ 2.5, ಫುಲ್ ಟ್ಯಾಂಗ್ ಅಲ್ಲ, ಆದ್ರೂ ನನ್ನ ಅರ್ಧ ಕೆಜಿ ರಾಕ್ಷಸನಿಗಿಂತ ಹತ್ತು ಪಾಲು ಕೆಲಸ ಮಾಡ್ತು, ನಾಚಿಕೆ ಆಯ್ತು. ಅದೇ ಕಂಪನಿಯ ಗಾರ್ಬರ್ಗ್ ಅಂತ ಫುಲ್ ಟ್ಯಾಂಗ್ ಇದೆ, 3.2 ದಪ್ಪ. ಅಮೆರಿಕದ ಈಸೀ-6 ಅಂದ್ರೆ 1095 ಕಾರ್ಬನ್ ಸ್ಟೀಲು, 4.8 ದಪ್ಪ. ಇವತ್ತು ಯಾರಾದ್ರೂ ಕೇಳಿದ್ರೆ ನಾನು ಗಾರ್ಬರ್ಗ್ ಕಡೆಗೇ ಬೆರಳು ತೋರಿಸೋದು. ನಾನೇ ತಗೊಳ್ಳಲಿಲ್ಲ ಯಾಕಂದ್ರೆ ಅಷ್ಟೊತ್ತಿಗೆ ನಮ್ಮೂರ ಆಚಾರ್ರ ಕುಲುಮೆ ನೆನಪಾಯ್ತು.

ಅಪ್ಪಯ್ಯನ ಕಾಲದಿಂದ ನಮ್ಮನೆ ಕತ್ತಿ ಎಲ್ಲ ಅವರದೇ. ರಟ್ಟಿನಲ್ಲಿ ಚಾಕಿನ ಆಕಾರ ಕತ್ತರಿಸಿ ತಗೊಂಡು ಹೋದೆ. ತಿರುಗಿಸಿ ಮುರುಗಿಸಿ ನೋಡಿದ್ರು.

"ಇದರಲ್ಲಿ ಎಂತ ಮಾಡ್ತೀರಿ?"

"ಎಲ್ಲಾ ಮಾಡೋದು ಆಚಾರ್ರೆ, ಸೌದೆ ಸೀಳೋದು, ತರಕಾರಿ ಹೆಚ್ಚೋದು..."

"ಎಲ್ಲಾ ಮಾಡೋ ಕತ್ತಿ ಎಂತದೂ ಮಾಡೂದಿಲ್ಲ ಮಾರಾಯ್ರೆ" ಅಂದ್ರು, ಆದ್ರೆ ರಟ್ಟು ವಾಪಸ್ ಕೊಡಲಿಲ್ಲ.

ಕಬ್ಬಿಣ ಅಂದ್ರೆ ಹಳೇ ಗಾಡಿ ಪಾಟಾನೇ, ಗಾಡಿಯ ಭಾರ ಹೊರೋ ಲೀಫ್ ಸ್ಪ್ರಿಂಗ್ ಪಟ್ಟಿ. ಲಾರೀದು ತುಂಬಾ ದಪ್ಪ, ಬಡಿದು ತೆಳ್ಳಗೆ ಮಾಡೋದೇ ಒಂದು ದಿನದ ಕೆಲಸ, ಹಾಗಾಗಿ ಜೀಪಿಂದು ಆರಿಸಿದ್ರು. ಪಾಟಾ ಸ್ಪ್ರಿಂಗ್ ಸ್ಟೀಲ್, ಬಗ್ಗಿ ವಾಪಸ್ ಬರೋ ಜಾತಿ, ಏಟು ತಿನ್ನೋಕೆ ಹೇಳಿ ಮಾಡಿಸಿದ್ದು. ಒಂದೇ ಅಪಾಯ, ವರ್ಷಗಟ್ಟಲೆ ಹೊಂಡದಲ್ಲಿ ಕುಣಿದ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು.

ಹದ ಕೊಡೋ ಹೊತ್ತಿಗೆ ನಾನು ಮೂಗು ತೂರಿಸಿದೆ. ಓದ್ಕೊಂಡಿದ್ದೆನಲ್ಲ, ಕೆಂಪಗೆ ಕಾಯಿಸಿ, ಆಯಸ್ಕಾಂತಕ್ಕೆ ಅಂಟದ ಹಾಗಾದ ಮೇಲೆ, ಅಂದ್ರೆ ಸುಮಾರು 770 ಡಿಗ್ರಿ, ಇನ್ನೊಂಚೂರು ಕಾಯಿಸಿ ಪೂರ್ತಿ ಮುಳುಗಿಸಬೇಕು ಅಂತ. ಆಚಾರ್ರು ಬಾಯಿ ಮಾತ್ರ ಅದ್ದೋದು ಅಂದ್ರು, ನಾನು ಇಲ್ಲ ಪೂರ್ತಿ ಅದ್ದಿ ಅಂದೆ. ಅದ್ದಿದ್ರು, ಬಾನಿ ನೀರಿಗೆ. ಟಿಣ್ ಅಂತ ಸಣ್ಣ ಶಬ್ದ ಬಂತು, ಬೆಲ್ಲಿನ ಹಾಗೆ. ಅವರು ಇಕ್ಕಳ ಎತ್ತಿ ನನ್ನ ಮುಖ ನೋಡಿದ್ರು ಅಷ್ಟೆ, ಒಂದು ಮಾತಾಡಲಿಲ್ಲ. ಬಾಯಿಂದ ಬೆನ್ನಿನವರೆಗೆ ಕೂದಲೆಳೆ ಬಿರುಕು. ಆ ಸ್ಟೀಲಿಗೆ ಎಣ್ಣೆ ಬೇಕು, ನೀರು ತೀರಾ ಜೋರಾಗಿ ತಣಿಸಿಬಿಡುತ್ತೆ. ಎರಡು ದಿನದ ಕೆಲಸ ಹಾಳು, ಅದರ ಕೂಲಿಯನ್ನೂ ನಾನೇ ಕೊಟ್ಟೆ, ತಪ್ಪು ನನ್ನದೇ.

ಎರಡನೇ ಸಲ ಬಾಯಿ ಮುಚ್ಕೊಂಡು ಕೂತೆ. ಎಣ್ಣೆ ಡಬ್ಬಕ್ಕೆ ಬಾಯಿ ಕಡೆ ಎರಡು ಬೆರಳು ಅಗಲ ಮಾತ್ರ ಅದ್ದಿದ್ರು, ಬೆನ್ನು ಹೊರಗೆ ಕೆಂಪಗೇ ಇತ್ತು. ತೆಗೆದು ಕಲ್ಲಲ್ಲಿ ಸರಸರ ಉಜ್ಜಿ ಬೆಳ್ಳಗೆ ಮಾಡಿ ಸುಮ್ನೆ ಹಿಡ್ಕೊಂಡ್ರು. ಬೆನ್ನಿನಲ್ಲಿ ಉಳಿದ ಕಾವು ಬಾಯಿ ಕಡೆಗೆ ಹರೀತಾ ಬಂದ ಹಾಗೆ ಬಣ್ಣ ಓಡುತ್ತೆ, ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ನೀಲಿ. ಕಂದು ಬಾಯಿಗೆ ಮುಟ್ಟಿದ ಗಳಿಗೆಯಲ್ಲಿ ಮತ್ತೆ ಎಣ್ಣೆಗೆ. ಹಳದಿಗೇ ನಿಲ್ಲಿಸಿದ್ರೆ ಬಾಯಿ ಗಟ್ಟಿ ಆದ್ರೆ ಚಕ್ಕೆ ಹಾರುತ್ತೆ, ನೀಲಿ ಬಂದ್ರೆ ಮೆತ್ತಗಾಗುತ್ತೆ. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ, ಬಾಗಿಲು ಅರ್ಧ ಹಾಕಿ ಕತ್ತಲು ಮಾಡ್ಕೊಂಡಿದ್ರು, ಕಾದ ಬಣ್ಣ ಕಾಣಲಿ ಅಂತ. ಅರ ಹಾಕಿ ನೋಡಿದೆ, ಬಾಯಲ್ಲಿ ಅರ ಜಾರ್ತಿತ್ತು, ಬೆನ್ನಲ್ಲಿ ಕಚ್ತಿತ್ತು. ಬೇಕಾಗಿದ್ದೂ ಅದೇ.

ಹಿಡಿ ಹಲಸಿನದು, ನಾನೇ ಹಾಕಿದೆ. ಮೊದಲು ಚೌಕಟ್ಟಾಗಿ ಚಂದ ಮಾಡಿದ್ದೆ, ಅರ್ಧ ಗಂಟೆಗೆ ಅಂಗೈಲಿ ಬೊಕ್ಕೆ. ಉಜ್ಜಿ ಉಜ್ಜಿ ಕೋಳಿಮೊಟ್ಟೆ ಆಕಾರಕ್ಕೆ ತಂದೆ, ಪೂರ್ತಿ ಉರುಟಾಗಿದ್ರೂ ಕಷ್ಟ, ಕತ್ತಲಲ್ಲಿ ಬಾಯಿ ಯಾವ ಕಡೆಗಿದೆ ಅಂತ ಕೈಗೆ ಗೊತ್ತಾಗಲ್ಲ.

ಪಾಟಾದಂಥ ಕಾರ್ಬನ್ ಸ್ಟೀಲಿಗೆ ನಮ್ಮ ಮಳೆ ಅಂದ್ರೆ ಯಮ, ಒಂದು ರಾತ್ರಿಗೆ ಕೆಂಪು ಹಿಡಿಯುತ್ತೆ. ಇದಕ್ಕೆ ವಿದೇಶದವ್ರು ವಿನಿಗರ್, ಸಾಸಿವೆ ಎಲ್ಲ ಹಚ್ಚಿ ಅಲಗು ಕಪ್ಪು ಮಾಡ್ಕೋತಾರೆ. ನಮ್ಮನೆ ಅಂಗಳದಲ್ಲೇ ಅಡಿಕೆ ಬೇಯಿಸಿದ ಚೊಗರು ಹಂಡೆಗಟ್ಟಲೆ ಇರುತ್ತಲ್ಲ! ಅಡಿಕೆ ಮನೆಯ ಕತ್ತಿಗಳೆಲ್ಲ ಯಾಕೆ ಕಪ್ಪಗಿರ್ತವೆ ಅಂತ ಅವತ್ತು ಹೊಳೀತು, ಚೊಗರಿನ ಟ್ಯಾನಿನ್ ಕಬ್ಬಿಣಕ್ಕೆ ಸೇರಿ ಕಪ್ಪು ಪದರ ಕಟ್ಟುತ್ತೆ. ಜಿಡ್ಡು ಹೋಗೋ ಹಾಗೆ ಸೋಪಲ್ಲಿ ತೊಳೆದು ಒಂದು ರಾತ್ರಿ ಚೊಗರಲ್ಲಿ ಇಟ್ಟೆ, ಬೆಳಿಗ್ಗೆ ನೀಲಿಗಪ್ಪು. ತುಕ್ಕು ಬರೋದೇ ಇಲ್ಲ ಅಂತಲ್ಲ, ತುಂಬಾ ಕಮ್ಮಿ ಆಗುತ್ತೆ. ಬಾಯಿಯನ್ನ ಮಸೆದಾಗ ಅದು ಮತ್ತೆ ಬೆಳ್ಳಗಾಗುತ್ತೆ, ಅಲ್ಲಿಗೆ ಕೊಬ್ಬರಿ ಎಣ್ಣೆ ಸವರಬೇಕು, ತಿನ್ನೋ ಪದಾರ್ಥಕ್ಕೆ ತಾಗಿದ್ರೂ ಚಿಂತೆ ಇಲ್ಲ.

ಚರ್ಮದ ಒರೆ ಮಳೆಗಾಲದಲ್ಲಿ ಇಡಲೇಬೇಡಿ, ಬೂಸ್ಟು ಹಿಡಿಯುತ್ತೆ, ಒಳಗಿನ ಒದ್ದೆ ಚಾಕನ್ನೂ ತಿನ್ನುತ್ತೆ. ನಾನು ತೋಟದ ಪಿವಿಸಿ ಪೈಪ್ ತುಂಡು ಬಿಸಿಗಾಳಿ ಗನ್ನಲ್ಲಿ ಮೆತ್ತಗೆ ಮಾಡಿ, ಎರಡು ಹಲಗೆ ಮಧ್ಯೆ ಚಪ್ಪಟೆ ಒತ್ತಿ ಒರೆ ಮಾಡ್ಕೊಂಡೆ. ಬೆಂಕಿಗೆ ಹಿಡೀಬೇಡಿ, ಸುಟ್ರೆ ಬರೋ ಹೊಗೆ ವಿಷ. ತುದಿಗೆ ನೀರು ಇಳಿಯೋಕೆ ಒಂದು ತೂತು.

ಒಂದು ವಿಷಯ, ಇದನ್ನ ನಾನು ನಮ್ಮ ಜಾಗ ಬಿಟ್ಟು ಎಲ್ಲೂ ಒಯ್ಯಲ್ಲ. ಕುಮಾರಪರ್ವತಕ್ಕೆ ಹೋಗ್ತೀನಿ, ಚಾಕು ತರಲಾ ಅಂತ ಕೇಳ್ತಾರೆ ಹುಡುಗ್ರು. ಅದು ಪುಷ್ಪಗಿರಿ ಅಭಯಾರಣ್ಯ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬರೆದುಕೊಟ್ಟ ಅನುಮತಿ ಇಲ್ದೆ ಆಯುಧ ಒಳಗೆ ಒಯ್ಯೋ ಹಾಗಿಲ್ಲ, ಚೆಕ್‌ಪೋಸ್ಟಲ್ಲಿ ಇದು ಸೌದೆ ಸೀಳೋಕೆ ಸರ್ ಅಂದ್ರೆ ಇನ್ನೂ ಕಷ್ಟ, ಅಲ್ಲಿ ಸೌದೆ ಮುಟ್ಟೋ ಹಾಗೂ ಇಲ್ಲ. ಆರ್ಮ್ಸ್ ರೂಲ್ಸಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕಕ್ಕೆ ಬರುತ್ತೆ, ಮನೆಗೆಲಸ ಕೃಷಿಗೆ ಅಂತ ಮಾಡಿದ್ದು ಬಿಟ್ಟು. ನನ್ನದು 5 ಇಂಚು, ಆದ್ರೂ ಬೆಂಗಳೂರು ಬಸ್ಸಿಗೆ ಬರಲ್ಲ, ಮನೆ ಮಾಡಿನ ಸಂದಿಯಲ್ಲೇ ಇರುತ್ತೆ.

ಎರಡು ಮಳೆಗಾಲ ಆಯ್ತು, ಹಿಡಿ ಅಲ್ಲಾಡಿಲ್ಲ. ಬೆನ್ನು 4.2 ಇದೆ, ಇನ್ನೂ ಅರ್ಧ ಮಿಲಿಮೀಟರ್ ಕಮ್ಮಿ ಇದ್ರೂ ಆಗ್ತಿತ್ತು ಅನ್ಸುತ್ತೆ. ಹೋದ ತಿಂಗಳು 4 ಇಂಚಿಂದು ಇನ್ನೊಂದು ರಟ್ಟು ಕತ್ತರಿಸ್ಕೊಂಡು ಹೋಗಿದ್ದೆ, ಆಚಾರ್ರು ಅದನ್ನ ಮಾಡಿಗೆ ಸಿಕ್ಕಿಸಿ, ಇದ್ದಿಲೆಲ್ಲ ಒದ್ದೆ ಆಗಿದೆ, ಮಳೆ ಬಿಡ್ಲಿ ನೋಡುವ ಅಂದ್ರು.