ಗೊತ್ತಿರುವ ಊರಿಗೇ ಎರಡನೇ ಬೇಸಿಗೆ: ಟ್ಯೂಬಿಂಗೆನ್‌ಗೆ ಮತ್ತೆ ಹೊರಟವರಿಗೆ

ಮೊದಲ ಸಲ ಜರ್ಮನಿಯ ಟ್ಯೂಬಿಂಗೆನ್‌ಗೆ ಹೊರಟಾಗ ನಮ್ಮ ಮನೆಯಲ್ಲಿ ಒಂದು ತಿಂಗಳು ಪಟ್ಟಿ ಬರೆದಿದ್ದೇ ಬರೆದಿದ್ದು. ಎರಡನೇ ಸಲ ಯಾರೂ ಪೆನ್ನು ಮುಟ್ಟಲಿಲ್ಲ. ಗೊತ್ತಿರುವ ಊರು, ಗೊತ್ತಿರುವ ಲ್ಯಾಬು, ಬಸ್ಸು ಎಲ್ಲಿ ತಿರುಗುತ್ತದೆ ಅನ್ನುವುದೂ ಗೊತ್ತು, ಇನ್ನೇನು ಅಂತ ದಾವಣಗೆರೆಯಲ್ಲಿ ಸುಮ್ನೆ ಬೆಣ್ಣೆ ದೋಸೆ ತಿಂದುಕೊಂಡು ಇದ್ದುಬಿಟ್ಟೆ. ಇಳಿದ ಮೇಲೆ ಗೊತ್ತಾಯಿತು, ಎರಡನೇ ಸಲದ ತಾಪತ್ರಯಗಳೇ ಬೇರೆ. ಅರ್ಧ ದಿನ ಲ್ಯಾಬ್ ಕೆಲಸ, ಅರ್ಧ ದಿನ ಜರ್ಮನ್ ಕ್ಲಾಸ್ ಅಂತ ಹೋದ ವರ್ಷದ ಊರಿಗೇ ಮತ್ತೆ ಹೊರಟವರಿಗೆ ಇದು.

ಮೊದಲು ವೀಸಾ. ಹೋದ ವರ್ಷ ಕೊಟ್ಟರು ಅಂತ ಈ ವರ್ಷ ತಾನಾಗಿ ಬರುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಮೇ ತಿಂಗಳಿಂದ ಆಗಸ್ಟ್‌ವರೆಗೆ, ಅಂದರೆ ನಾಲ್ಕು ತಿಂಗಳು ಇರುವುದಾದರೆ ಅದು ಸಾಲದು, ಜರ್ಮನಿಯ ನ್ಯಾಷನಲ್ ವೀಸಾ ಬೇಕು. ಸಂಬಳ ಬರುವ ಕೆಲಸ ಅಂದಮೇಲೆ ಟೂರಿಸ್ಟ್ ವೀಸಾ ಮಾತೇ ಬೇಡ. ಲ್ಯಾಬಿನಿಂದ ತರಿಸುವ ಪತ್ರದಲ್ಲಿ ತಾರೀಖು, ವಾರಕ್ಕೆ ಎಷ್ಟು ಗಂಟೆ, ಎಷ್ಟು ದುಡ್ಡು, ಮೂರೂ ಇರಲಿ. ಕ್ಲಾಸಿನ ಪತ್ರ ಬೇರೆಯೇ ಇರಲಿ. ಬೆಂಗಳೂರಿನ ಅಪಾಯಿಂಟ್‌ಮೆಂಟ್ ಸಿಗುವುದಕ್ಕೇ ಟೈಮ್ ಹಿಡಿಯುತ್ತದೆ, ಹಾಗಾಗಿ ಯುಗಾದಿಯ ಹೊತ್ತಿಗೆ ಯೋಚಿಸಿದರೆ ಆಗಲಿಲ್ಲ, ಸಂಕ್ರಾಂತಿಗೇ ಶುರು ಮಾಡಿ.

ಇನ್ನು ಎರಡನೇ ಸಲ ಹೋಗುವವರ ದೊಡ್ಡ ಲಾಭ, ಹಳೇ ಕಾಗದಗಳು. ಜರ್ಮನಿಯಲ್ಲಿ ಒಮ್ಮೆ ಕೊಟ್ಟ 11 ಅಂಕಿಯ ತೆರಿಗೆ ನಂಬರ್ ಜೀವನಪೂರ್ತಿ ಅದೇ. ಸೋಷಿಯಲ್ ಇನ್ಶೂರೆನ್ಸ್ ನಂಬರ್ ಕೂಡ ಅದೇ. ಹೊಸದಾಗಿ ಕೇಳಬೇಕಿಲ್ಲ, ಕಾಯಬೇಕಾಗಿಯೂ ಇಲ್ಲ. ಹೋದ ವರ್ಷದ ಸಂಬಳದ ಚೀಟಿಯಲ್ಲಿ ಎರಡೂ ಇರುತ್ತವೆ. ನಾನು ಆ ಚೀಟಿಗಳನ್ನು ರದ್ದಿ ಅಂತ ಅಲ್ಲೇ ಬಿಟ್ಟು ಬಂದಿದ್ದೆ. ಮೊದಲ ತಿಂಗಳ ಸಂಬಳದಲ್ಲಿ ತೆರಿಗೆ ಬಾಚಿಕೊಂಡು ಹೋಯಿತು, ನಂಬರ್ ಕೊಟ್ಟ ಮೇಲೆ ಸರಿಯಾಯಿತು ಅನ್ನಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹೋದ ವರ್ಷ ಊರು ಬಿಡುವಾಗ ನಾನು ವಿಳಾಸ ರದ್ದು ಮಾಡಿಸಿರಲಿಲ್ಲ. ಅದಕ್ಕೆ ಅಲ್ಲಿ ಆಬ್‌ಮೆಲ್ಡುಂಗ್ ಅನ್ನುತ್ತಾರೆ. ದಾಖಲೆ ಪ್ರಕಾರ ನಾನು ಅಲ್ಲೇ ಇದ್ದೇನೆ! ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ರೇಡಿಯೊ-ಟಿವಿ ಶುಲ್ಕ ನನ್ನ ಹೆಸರಿಗೇ ಏರುತ್ತಾ ಇತ್ತು. ಹಳೇ ರೂಮಿಗೆ ಹೋಗಿ ಬೆಲ್ ಒತ್ತಿದರೆ, ಯಾರೋ ಗೊತ್ತಿಲ್ಲದ ಹುಡುಗಿ ರಬ್ಬರ್ ಬ್ಯಾಂಡ್ ಹಾಕಿದ ಲಕೋಟೆಗಳ ಕಟ್ಟನ್ನು ಕೈಗಿಟ್ಟಳು. ಟಿವಿ ಮುಖವನ್ನೇ ನೋಡಿರಲಿಲ್ಲ ನಾನು. ಹಾಗಾಗಿ ಹೊರಡುವ ಮೊದಲೇ, ಇಲ್ಲಿಂದಲೇ ಹಳೇ ಮನೆಯವರಿಗೆ ಮೆಸೇಜ್ ಹಾಕಿ ಕಾಗದ ಏನಾದರೂ ಬಂದಿದೆಯಾ ಕೇಳಿಬಿಡಿ. ಮತ್ತೆ ಹೋದ ಮೇಲೆ, ಮೂರು ತಿಂಗಳಿಗಿಂತ ಜಾಸ್ತಿ ಇರುವುದಾದರೆ, ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು, ಕೀಲಿ ತೆಗೆದುಕೊಳ್ಳುವಾಗಲೇ ಇಸಿದುಕೊಳ್ಳಿ.

ರೂಮು ಅಂದರೆ, ಸ್ವಲ್ಪ ಕಷ್ಟ. ಅಲ್ಲಿ ಬೇಸಿಗೆ ಸೆಮಿಸ್ಟರಿನ ಪಾಠ ಜುಲೈ ಕೊನೆವರೆಗೂ ನಡೆಯುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ರಜೆ ಅಂತ ಲೆಕ್ಕ ಹಾಕಿದರೆ ಕೆಟ್ಟಿರಿ. ಆಗಸ್ಟ್‌ನಲ್ಲಿ ಹುಡುಗರು ಊರಿಗೆ ಹೋಗುತ್ತಾರೆ, ಆಗ ಅವರ ರೂಮನ್ನು ಎರಡು ತಿಂಗಳ ಮಟ್ಟಿಗೆ ಬಾಡಿಗೆಗೆ ಕೊಡುತ್ತಾರೆ, ಅದಕ್ಕೆ ತ್ಸ್ವಿಶೆನ್‌ಮೀಟೆ ಅಂತ ಹೆಸರು, ಹುಡುಕುವಾಗ ಈ ಪದ ಹಾಕಿದರೆ ಬೇಗ ಸಿಗುತ್ತದೆ. ಮೇ-ಜೂನ್‌ಗೆ ಲ್ಯಾಬಿನ ಹಳೇ ಗೆಳೆಯರನ್ನೇ ಹಿಡಿಯಿರಿ. ಆದರೆ ಎಲ್ಲರೂ ಇರುತ್ತಾರೆ ಅಂದುಕೊಳ್ಳಬೇಡಿ. ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ಐದು ಜನರಲ್ಲಿ ಒಬ್ಬನೇ ಉಳಿದಿದ್ದ. ಮೊದಲ ವಾರ ಬೆಟ್ಟದ ಮೇಲಿನ ಮೋರ್ಗೆನ್‌ಸ್ಟೆಲ್ಲೆ ಕ್ಯಾಂಪಸ್ಸಿನಲ್ಲಿ ತಟ್ಟೆ ಹಿಡಿದು ಯಾವ ಟೇಬಲ್ ಅಂತ ನಿಂತಿದ್ದು ನೆನಪಿದೆ.

ಪೆಟ್ಟಿಗೆ ವಿಷಯಕ್ಕೆ ಬನ್ನಿ. ಅಮ್ಮ ಈ ಸಲ ಎರಡು ಕಿಲೋ ಬೆಣ್ಣೆ ಕಟ್ಟಲು ಹೊರಟಿದ್ದರು. ಹಾಲು, ಬೆಣ್ಣೆ, ತುಪ್ಪ, ಪೇಡ, ಮಾಂಸ ಯಾವುದನ್ನೂ ಭಾರತದಿಂದ ಯುರೋಪಿಯನ್ ಯೂನಿಯನ್‌ಗೆ ಪ್ರಯಾಣಿಕರು ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ, ಒಣಗಿಸಿ ಪುಡಿ ಮಾಡಿಕೊಳ್ಳಿ. "ಹಂಗಾದ್ರೆ ಅಲ್ಲೇನ್ ಬೆಣ್ಣೆ ಸಿಗಲ್ವೇನೋ?" ಅಂದರು. ಸಿಗುತ್ತದೆ, ಉಪ್ಪಿಲ್ಲದ ಒಳ್ಳೇ ಬೆಣ್ಣೆ. ಶೇಂಗಾ ಚಟ್ನಿಪುಡಿ, ಖಾರದ ಪುಡಿ, ಮಂಡಕ್ಕಿ ಒಯ್ಯಿರಿ. ಮಂಡಕ್ಕಿ ತೂಕಕ್ಕೆ ಬರುವುದಿಲ್ಲ, ಜಾಗ ತಿನ್ನುತ್ತದೆ. ನಾನು ಶೂಗಳ ಒಳಗೆ, ಮಿಕ್ಸಿ ಜಾರಿನೊಳಗೆ ಚಿಕ್ಕ ಕವರ್ ಮಾಡಿ ತುರುಕಿದೆ. ಮಿಕ್ಸಿ ಅಲ್ಲೂ ನಡೆಯುತ್ತದೆ, ಕರೆಂಟು ಅದೇ 230 ವೋಲ್ಟ್. ನಮ್ಮ ಮೂರು ಪಿನ್ನಿಗೆ ಅಡಾಪ್ಟರ್ ಮಾತ್ರ ಬೇಕು. ದೋಸೆ ಹಿಟ್ಟು ದಾವಣಗೆರೆಯಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆಗೆ ಉಕ್ಕುತ್ತದೆ, ಅಲ್ಲಿ ಮರುದಿನ ಸಂಜೆವರೆಗೂ ಕಾಯಬೇಕು. ಓವನ್ನಿನೊಳಗೆ ಲೈಟ್ ಮಾತ್ರ ಹಾಕಿ ಇಟ್ಟರೆ ಬೇಗ ಆಗುತ್ತದೆ.

ಊರೂ ಸ್ವಲ್ಪ ಬದಲಾಗಿರುತ್ತದೆ, ನಿಯಮಗಳನ್ನು ಮತ್ತೆ ನೋಡಿಕೊಳ್ಳಿ. ಟ್ಯೂಬಿಂಗೆನ್‌ನಲ್ಲಿ 2022ರಿಂದ ಬಿಸಾಡುವ ಕಪ್ಪಿಗೆ ತೆರಿಗೆ ಇದೆ, ಕಪ್ಪಿಗೆ 50 ಸೆಂಟ್. ನಿಮ್ಮದೇ ಸ್ಟೀಲ್ ಲೋಟ ಚೀಲದಲ್ಲಿರಲಿ, ಯಾರೂ ನಗುವುದಿಲ್ಲ. ಭಾನುವಾರ ಅಂಗಡಿ ಬಂದ್, ಶನಿವಾರವೇ ಅಕ್ಕಿ-ಮೊಸರು ತಂದಿಡಿ. ಅಂದಹಾಗೆ ಕನ್ನಡದ ನಿಘಂಟು ಮಾಡಿದ ಕಿಟೆಲ್ ತೀರಿಕೊಂಡಿದ್ದು ಇದೇ ಊರಿನಲ್ಲಿ, 1903ರಲ್ಲಿ. ಮೊದಲ ಬೇಸಿಗೆಯಲ್ಲಿ ನನಗದು ಗೊತ್ತೇ ಇರಲಿಲ್ಲ, ನೆಕ್ಕರ್ ನದಿ ದಂಡೆಯಲ್ಲಿ ಐಸ್‌ಕ್ರೀಮ್ ತಿಂದು ಬಂದಿದ್ದೆ ಅಷ್ಟೇ.

ಮನೆಗೆ ಫೋನ್ ಮಾಡುವಾಗ ಎಚ್ಚರ. ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಇನ್ನೂ ಸಂಜೆ ಅಂದುಕೊಂಡು ಫೋನ್ ಹಚ್ಚಿದರೆ ದಾವಣಗೆರೆಯಲ್ಲಿ ಹನ್ನೆರಡೂವರೆ.

ವಾಪಸ್ ಬರುವಾಗಿನ ಕೆಲಸ ಈ ಸಲ ಬಿಡಬೇಡಿ. ತಿಂಗಳ ರೈಲು-ಬಸ್ ಪಾಸ್ ತೆಗೆದಿದ್ದರೆ ಕೊನೆಯ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ, ಇಲ್ಲದಿದ್ದರೆ ಮುಂದಿನ ತಿಂಗಳದ್ದೂ ಕತ್ತರಿಸುತ್ತಾರೆ. ವಿಳಾಸ ರದ್ದು ಮಾಡಿಸಿ, ಆ ಕಾಗದದ ಫೋಟೊ ಇಟ್ಟುಕೊಳ್ಳಿ. ಕಾವಲಿ, ಬೆಡ್‌ಶೀಟು, ಅಡಾಪ್ಟರ್ ಎಲ್ಲ ಒಂದು ಡಬ್ಬಕ್ಕೆ ತುಂಬಿ, ಮುಂದಿನ ವರ್ಷವೂ ಅಲ್ಲೇ ಇರುವ ಯಾರದಾದರೂ ಮನೆಯ ನೆಲಮಾಳಿಗೆಯಲ್ಲಿ ಇಟ್ಟು ಬನ್ನಿ. ಮೇಲೆ ಹೆಸರು ದೊಡ್ಡದಾಗಿ ಬರೆಯಿರಿ. ನನ್ನದು ಕನ್ನಡದಲ್ಲೇ ಬರೆದಿದೆ, ಬೇರೆ ಯಾರೂ ತಮ್ಮದು ಅನ್ನುವುದಿಲ್ಲ.